ಕಂಡುಬಂದದ್ದಲ್ಲ, ಕೇಳಿಬಂದದ್ದು

ಭದ್ರಾವತಿಯ ಷಡಕ್ಷರಪ್ಪನ ಹೆಗಲಿಗೆ ಶನಿ ಏರಿದ್ದು ಒಂದು ಕ್ರಿಯಾಪದದ ರೂಪದಲ್ಲಿ. 'ಕಂಡುಬಂದಿದೆ' ಎಂಬ, ನೋಡುವುದಕ್ಕೆ ಬಲು ಸಾಧುವಾದ ಕ್ರಿಯಾಪದ. ನಗಬೇಡಿ. ವ್ಯಾಕರಣದಿಂದಲೂ ಮನುಷ್ಯನಿಗೆ ಬೆವರಿಳಿಯುವುದುಂಟು. ಈತನಿಗೆ ಇಳಿಯಿತು, ಅದೂ ಶ್ರಾವಣದ ಜಡಿಮಳೆಯಲ್ಲಿ, ಶಿವಮೊಗ್ಗದ ನೂರೈವತ್ತು ಜನರ ಎದುರಿಗೆ, ಹೆಂಡತಿ ಹೆಂಗಸರ ಸಾಲಿನಲ್ಲಿ ಕೂತು ನೋಡುತ್ತಿದ್ದಾಗ.

ಸಾವಿರದ ಒಂಬೈನೂರ ಮೂವತ್ತನಾಲ್ಕನೆಯ ಇಸವಿ. ಷಡಕ್ಷರಪ್ಪ ಕಬ್ಬಿಣದ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಮಿಸ್ಟ್. ಇಪ್ಪತ್ತೆಂಟು ವರ್ಷ, ಬೆಂಗಳೂರಿನಲ್ಲಿ ಓದಿದ ಬಿ.ಎಸ್ಸಿ., ಮೂಗಿನ ಮೇಲೆ ಕನ್ನಡಕ, ಕನ್ನಡಕದ ಮೇಲೆ ಸದಾ ಇದ್ದಿಲ ಧೂಳು. ಮನುಷ್ಯ ಒಳ್ಳೆಯವನೇ. ನೌಕರಿ ಮಾತ್ರ ಮೂರು ವರ್ಷದಿಂದ ಟೆಂಪೊರರಿ. "ಮದರಾಸಿನ ವಿಜ್ಞಾನ ಸಭೆಗೆ ಒಂದು ಪ್ರಬಂಧ ಕಳಿಸಯ್ಯ. ಅವರು ಅಚ್ಚು ಹಾಕಿದ ಮಾರನೇ ದಿನ ನಿನ್ನನ್ನ ಖಾಯಂ ಮಾಡಿಸ್ತೀನಿ," ಎಂದು ಮೇಲಧಿಕಾರಿಗಳು ಮಾತು ಕೊಟ್ಟಿದ್ದರು. ಅಂದಿನಿಂದ ಆತ ಪ್ರಬಂಧಕ್ಕೆ ವಿಷಯ ಹುಡುಕಿ ಹುಡುಕಿ ಸಣ್ಣಗಾಗಿದ್ದ.

ವಿಷಯ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಇದ್ದಿಲ ಅಂಗಳದಲ್ಲಿ. ಆಗ ಕಾರ್ಖಾನೆಯ ದೊಡ್ಡ ಕುಲುಮೆಗೆ ಕಾಡಿನ ಸೌದೆ ಸುಟ್ಟು ಮಾಡಿದ ಇದ್ದಿಲೇ ಅನ್ನ. ಇದ್ದಿಲು ಗಟ್ಟಿಯಿದ್ದರೆ ಮೇಲೆ ಬಿದ್ದ ಅದಿರಿನ ಭಾರ ತಡೆಯುತ್ತದೆ. ಟೊಳ್ಳಾಗಿದ್ದರೆ ಪುಡಿಯಾಗಿ ಕುಲುಮೆಯ ಉಸಿರು ಕಟ್ಟಿಸುತ್ತದೆ. ಗಟ್ಟಿ ಯಾವುದು, ಟೊಳ್ಳು ಯಾವುದು ಅಂತ ಆರಿಸುವುದಕ್ಕೆ ಹದಿನೈದು ಹೆಂಗಸರು. ಅವರಿಗೆಲ್ಲ ಯಜಮಾನ್ತಿ ಹುಚ್ಚಮ್ಮ. ಐವತ್ತು ದಾಟಿದ ಜೀವ, ಬಾಯಲ್ಲಿ ಎಲೆಯಡಿಕೆ, ಮಾತಿನಲ್ಲಿ ಮೆಣಸಿನಕಾಯಿ. ಭದ್ರಾವತಿ ಎಂಬ ಹೆಸರು ಬಂದು ಎಷ್ಟೋ ವರ್ಷವಾಗಿದ್ದರೂ ಆಕೆಗೆ ಊರು ಇನ್ನೂ ಬೆಂಕೀಪುರವೇ. ಕಾರ್ಖಾನೆ ಬರುವುದಕ್ಕೆ ಮುಂಚೆ ಅಪ್ಪನ ಜೊತೆ ಕಾಡಿನಲ್ಲಿ ಇದ್ದಿಲು ಸುಟ್ಟು ಕಮ್ಮಾರರಿಗೆ ಮಾರುತ್ತಿದ್ದವಳು.

ಒಂದು ದಿನ ಷಡಕ್ಷರಪ್ಪ ನೋಡುತ್ತಾನೆ, ಈಕೆ ಕೈಯಲ್ಲಿ ಎರಡು ತುಂಡು ಹಿಡಿದು ಒಂದಕ್ಕೊಂದು ಬಡಿದು, ಕಿವಿಗೆ ಹಿಡಿದು, ಒಂದನ್ನು ಎಡಗಡೆ ಬುಟ್ಟಿಗೆ, ಇನ್ನೊಂದನ್ನು ಬಲಗಡೆ ಬುಟ್ಟಿಗೆ ಹಾಕುತ್ತಿದ್ದಾಳೆ.

"ಏನು ಹುಚ್ಚಮ್ಮ, ಇದ್ದಿಲಿಗೆ ತಾಳ ಹಾಕ್ತಿದೀಯ?"

"ತಾಳ ಅಲ್ಲ ಸಾಮಿ, ಮಾತಾಡಿಸ್ತಿದೀನಿ. ಇದು ಮಾತಾಡುತ್ತೆ, ಕೇಳಿ." ಟಣ್ ಅಂತು. "ಇದು ಮಾತಾಡಲ್ಲ." ಡೊಬ್ ಅಂತು. "ಒಳಗೆ ಬಿರುಕಿದ್ರೆ ಮಾತು ಬರಲ್ಲ, ಮನುಷ್ಯರ ಹಂಗೇಯ. ಟಣ್ ಅಂದಿದ್ದು ಕುಲುಮೆಗೆ, ಡೊಬ್ ಅಂದಿದ್ದು ಬಚ್ಚಲೊಲೆಗೆ. ಅಷ್ಟೇ ನಮ್ಮ ಶಾಸ್ತ್ರ."

ಷಡಕ್ಷರಪ್ಪನ ಎದೆಯೇ ಟಣ್ ಎಂದಿತು. ಅಲ್ಲಿಂದ ಮುಂದೆ ಆತ ಮಾಡಿದ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ, ಹೊಗಳಲೇಬೇಕು. ಬೇರೆ ಬೇರೆ ಸೌದೆಯ ನಲವತ್ತು ರಾಶಿ ಇದ್ದಿಲು ತಂದ. ಮೊದಲು ಹುಚ್ಚಮ್ಮ ಬಡಿದು ತೀರ್ಪು ಹೇಳುವುದು. ಆಮೇಲೆ ಈತ ಅದನ್ನು ಹತ್ತಡಿ ಎತ್ತರದಿಂದ ಕಬ್ಬಿಣದ ಹಲಗೆಯ ಮೇಲೆ ಬೀಳಿಸಿ, ಜರಡಿ ಹಿಡಿದು, ಉದುರಿದ ಪುಡಿಯನ್ನು ತೂಗಿ ಬರೆದುಕೊಳ್ಳುವುದು. ಆರು ತಿಂಗಳು ಹೀಗೆ ನಡೆಯಿತು. ನಲವತ್ತರಲ್ಲಿ ಮೂವತ್ತೇಳು ರಾಶಿಗೆ ಹುಚ್ಚಮ್ಮನ ಕಿವಿ, ಷಡಕ್ಷರಪ್ಪನ ತಕ್ಕಡಿ ಒಂದೇ ಮಾತು ಹೇಳಿದವು.

ಉಳಿದ ಮೂರು? ಅವು ಜಡಿಮಳೆ ಹಿಡಿದ ವಾರದ ರಾಶಿಗಳು. ಹುಚ್ಚಮ್ಮ ಬಡಿದಾಗ ಡೊಬ್ ಅಂದವು, ಬೀಳಿಸಿದರೆ ಮಾತ್ರ ಜಪ್ಪಯ್ಯ ಅಂದರೂ ಒಡೆಯಲಿಲ್ಲ. ಆಕೆ ಅಂದೇ ಹೇಳಿದ್ದಳು: "ಮಳೇಲಿ ನನ್ನ ಕಿವಿ ನಂಬಬೇಡಿ ಸಾಮಿ. ನೀರು ಕುಡಿದ ಇದ್ದಿಲು ಗಟ್ಟಿ ಇದ್ರೂ ಬಾಯಿ ಬಿಡಲ್ಲ." ಷಡಕ್ಷರಪ್ಪ "ಹೂಂ" ಎಂದ. ಬರೆದುಕೊಳ್ಳಲಿಲ್ಲ.

ಪ್ರಬಂಧ ಬರೆಯಲು ಕೂತಾಗ ಆ ಮೂರು ರಾಶಿ ಕಣ್ಣಲ್ಲಿ ಕಸದ ಹಾಗೆ ಚುಚ್ಚತೊಡಗಿದವು. ಮೂವತ್ತೇಳು ಸಾಲು ಎಷ್ಟು ಚೆಂದ ನಿಂತಿವೆ, ಈ ಮೂರು ದರಿದ್ರದವು ಯಾಕೆ ಬೇಕು? ಮದರಾಸಿನ ಪಂಡಿತರು ಇದನ್ನೇ ಹಿಡಿದು ಜಗ್ಗಿದರೆ? ಖಾಯಂ ನೌಕರಿ ಕೈತಪ್ಪಿದರೆ? 'ಮೂರೇ ತಾನೆ' ಎಂದುಕೊಂಡು ಬಿಟ್ಟೇಬಿಟ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಆತನಿಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು, ಗಾದೆ ನೆನಪಾಗುವುದು ಯಾವಾಗಲೂ ಅಡಿಕೆ ಕದ್ದ ಮೇಲೆ.

ಹುಚ್ಚಮ್ಮನ ಹೆಸರೂ ಎಲ್ಲೂ ಬರಲಿಲ್ಲ. ಅದಕ್ಕೆ ಆತ ಬಹಳ ಕಷ್ಟಪಡಬೇಕಾಗಲಿಲ್ಲ, ಪ್ರಬಂಧ ಇಂಗ್ಲಿಷಿನಲ್ಲಿತ್ತಲ್ಲ. ಅಲ್ಲಿ 'ಇಟ್ ವಾಸ್ ಅಬ್ಸರ್ವ್ಡ್' ಎಂದು ಬರೆದರೆ ಮುಗಿಯಿತು, ಯಾರು ನೋಡಿದರು ಎಂದು ಯಾರೂ ಕೇಳುವುದಿಲ್ಲ. ಆ ವಾಕ್ಯ ಹನ್ನೊಂದು ಸಲ ಬಂದಿತ್ತು.

ಆಗ ಶಿವಮೊಗ್ಗದಿಂದ ಒಂದು ಕಾರ್ಡು ಬಂತು. ಬರೆದವರು ಶಂಕರನಾರಾಯಣ ಮೇಷ್ಟ್ರು. ಹೈಸ್ಕೂಲಿನಲ್ಲಿ ಷಡಕ್ಷರಪ್ಪನಿಗೆ ವಿಜ್ಞಾನ ಕಲಿಸಿದವರು, ಈಗ ಪೆನ್ಷನ್ ತೆಗೆದುಕೊಂಡು ಭಾನುವಾರಗಳಲ್ಲಿ ಊರಿನ ಜನರಿಗೆ ಕನ್ನಡದಲ್ಲಿ ವಿಜ್ಞಾನದ ಉಪನ್ಯಾಸ ಮಾಡಿಸುತ್ತಿದ್ದವರು. "ಷಡಕ್ಷರೀ, ನಿನ್ನ ಪ್ರಬಂಧ ಮದರಾಸು ನೋಡುವ ಮೊದಲು ಶಿವಮೊಗ್ಗ ನೋಡಲಿ. ಬರುವ ಭಾನುವಾರ ಮೂರು ಗಂಟೆ. ಕನ್ನಡದಲ್ಲಿ ಓದತಕ್ಕದ್ದು. ಪ್ರಯೋಗ ಮಾಡಿ ತೋರಿಸತಕ್ಕದ್ದು." ಇಷ್ಟೇ ಕಾರ್ಡು. ಮೇಷ್ಟ್ರ 'ತಕ್ಕದ್ದು' ಬಂದ ಮೇಲೆ ಇಲ್ಲ ಎನ್ನುವ ಶಿಷ್ಯ ಜಿಲ್ಲೆಯಲ್ಲೇ ಇರಲಿಲ್ಲ.

ಷಡಕ್ಷರಪ್ಪ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕನ್ನಡ ಮಾಡತೊಡಗಿದ. ಒಳಗೆ ಹೆಂಡತಿ ಉಮಾಮಹೇಶ್ವರಿ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಆತ ಗಂಟಲು ಸರಿಮಾಡಿಕೊಂಡು ಓದಿದ: "ಸ್ವರಯುಕ್ತವಾದ ಇದ್ದಿಲು ಗಟ್ಟಿಯಾಗಿರುತ್ತದೆಂದು ಕಂಡುಬಂದಿದೆ."

"ಯಾರಿಗೆ?" ಎಂದಳು ಉಮಾಮಹೇಶ್ವರಿ, ರೊಟ್ಟಿಯಿಂದ ಕಣ್ಣೆತ್ತದೆ.

"ಯಾರಿಗೆ ಅಂದ್ರೆ?"

"ಯಾರಿಗೆ ಕಂಡುಬಂತು ಅಂತ."

"ಕಂಡುಬಂತು ಅಂದ್ರೆ ಕಂಡುಬಂತು ಮಾರಾಯ್ತಿ. ಶಾಸ್ತ್ರದ ಭಾಷೆ ಹಾಗೇ ಇರುತ್ತೆ."

"ಹೌದಾ? ಹಾಗಾದ್ರೆ ಕೇಳಿ. ಡಬ್ಬಿಯೊಳಗಿನ ಬೆಲ್ಲ ಖಾಲಿಯಾಗಿರುವುದಾಗಿ ಕಂಡುಬಂದಿದೆ." ಆಕೆ ಈಗ ತಿರುಗಿ ನೋಡಿದಳು. "ಯಾರು ತಿಂದ್ರು ಅಂತ ನಾನು ಕೇಳ್ಬಾರ್ದು, ಅಲ್ವಾ? ಶಾಸ್ತ್ರ."

ಕುಂಬಳಕಾಯಿ ಕಳ್ಳನ ಹಾಗೆ ಷಡಕ್ಷರಪ್ಪ ಮೀಸೆ ಒರೆಸಿಕೊಂಡ. ಬೆಲ್ಲವೇನೂ ಅಂಟಿರಲಿಲ್ಲ. "ಇಲಿ ಇರ್ಬೇಕು," ಎಂದ. ಬರೆದದ್ದನ್ನು ಹೊಡೆದು 'ಗೋಚರವಾಗಿದೆ' ಎಂದು ಮಾಡಿದ. ಹೆಂಡತಿ ಮತ್ತೆ "ಯಾರಿಗೆ?" ಎಂದಳು. 'ತಿಳಿದುಬಂದಿದೆ' ಎಂದು ಮಾಡಿದ. "ಯಾರಿಗೆ?" ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯಿತು. ಇಂಗ್ಲಿಷಿನಲ್ಲಿ ಬಾಗಿಲು ಮುಚ್ಚಿಕೊಂಡು ಹಾಯಾಗಿ ಮಲಗಿದ್ದ ವಾಕ್ಯ ಕನ್ನಡದ ಅಂಗಳಕ್ಕೆ ಬಂದದ್ದೇ ತಡ, ಎಲ್ಲರೂ ಅದರ ಅಪ್ಪನ ಹೆಸರು ಕೇಳುವವರೇ. ಆತನಿಗೆ ರೇಗಿಹೋಯಿತು. ರೊಟ್ಟಿ ಬೇಡವೆಂದು ಎದ್ದುಹೋದ, ಕಾಲು ಗಂಟೆ ಕಳೆದು ವಾಪಸು ಬಂದು ನಾಲ್ಕು ತಿಂದ.

ಭಾನುವಾರ ಮೂವರೂ ರೈಲು ಹತ್ತಿದರು. ಹುಚ್ಚಮ್ಮ ಬಂದದ್ದು ಯಾಕೆಂದರೆ, ಷಡಕ್ಷರಪ್ಪ ಆರು ತಿಂಗಳು ತಿಣುಕಿದರೂ ಟಣ್‌ಗೂ ಡೊಬ್‌ಗೂ ಸರಿಯಾಗಿ ವ್ಯತ್ಯಾಸ ಹಿಡಿಯಲು ಬರುತ್ತಿರಲಿಲ್ಲ. ಆಕೆ ಮದುವೆಗಳಿಗೆ ಮಾತ್ರ ಉಡುವ ಹಸಿರು ಸೀರೆ ಉಟ್ಟು, ಆರಿಸಿ ಆರಿಸಿ ತುಂಬಿದ ಇದ್ದಿಲ ಗೋಣಿಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಪಕ್ಕದಲ್ಲಿದ್ದ ಬಿಳಿ ಪಂಚೆಯವರೊಬ್ಬರು ಮೂರು ಸಲ ಜಾಗ ಬದಲಾಯಿಸಿದರು.

"ಓದಿ ಸಾಮಿ, ನಾನೂ ಕೇಳ್ತೀನಿ," ಎಂದಳು. ಷಡಕ್ಷರಪ್ಪ ಓದಿದ. ಹುಚ್ಚಮ್ಮ ಕಣ್ಣುಮುಚ್ಚಿ ತಲೆದೂಗುತ್ತ ಕೇಳಿ, ಕೊನೆಗೆ ಕಣ್ಣು ಬಿಟ್ಟಳು. "ಮಳೆ ಮೂರು ಎಲ್ಲಿ ಹೋದವು?"

"ಅವು ಲೆಕ್ಕಕ್ಕೆ ಬರಲ್ಲ ಹುಚ್ಚಮ್ಮ. ಬಿಟ್ಟಿದೀನಿ. ನೀನೂ ಅಲ್ಲಿ ಅದನ್ನ ಎತ್ತಬೇಡ."

"ಬೇಡ ಅಂದ್ರೆ ಬೇಡ, ಬಿಡಿ." ತೊಡೆಯ ಮೇಲಿನ ಚೀಲ ಸರಿಮಾಡಿಕೊಂಡಳು. "ಆದ್ರೂ ಎಲ್ಲೋ ಡೊಬ್ ಅಂತು ಸಾಮಿ."

ಉಮಾಮಹೇಶ್ವರಿ ನಗು ಬಂದು ಸೆರಗು ಬಾಯಿಗಿಟ್ಟುಕೊಂಡಳು. ಷಡಕ್ಷರಪ್ಪ ಕಾಗದ ಮಡಿಸಿ ಜೇಬಿನಲ್ಲಿಟ್ಟ.

ಶಿವಮೊಗ್ಗದ ಸ್ಟೇಷನ್ನಿನಲ್ಲಿ ಇಳಿದಾಗ ಮಳೆ ಧೋ ಎಂದು ಸುರಿಯುತ್ತಿತ್ತು. ಒಂದೇ ಜಟಕಾ, ಒಂದೇ ಕೊಡೆ. ಜಟಕಾದ ಒಳಗೆ ಇಬ್ಬರು ಹೆಂಗಸರು. ಮುಂದೆ ಜಟಕಾ ಹೊಡೆಯುವ ಸಾಬಿಯ ಪಕ್ಕದಲ್ಲಿ ಷಡಕ್ಷರಪ್ಪ, ಎದೆಗೆ ಅವಚಿಕೊಂಡ ಪ್ರಬಂಧ, ಪ್ರಬಂಧದ ಮೇಲೆ ಕೊಡೆ. ಹುಚ್ಚಮ್ಮ ಚೀಲ ಒಳಗಿಡೋಣ ಎಂದಳು. "ಸೀರೆಗಳೆಲ್ಲ ಮಸಿಯಾಗುತ್ತೆ, ಹಿಂದೆ ಕಟ್ಟಿಬಿಡಪ್ಪ," ಎಂದ ಆತ ಸಾಬಿಗೆ. ಅಕ್ಷರ ನೆನೆಯಬಾರದು, ಇದ್ದಿಲು ನೆನೆದರೆ ಏನಂತೆ. ಬಿ.ಎಸ್ಸಿ. ಓದಿದ ಬುದ್ಧಿ!

ಶಾಲೆಯ ಹಾಲಿನಲ್ಲಿ ಆ ಮಳೆಯಲ್ಲೂ ನೂರೈವತ್ತು ಜನ. ವಕೀಲರು, ಅಮಲ್ದಾರ ಕಚೇರಿಯವರು, ಗಾಜನೂರು ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದ ರೈತರು, ಒಂದು ಪಕ್ಕಕ್ಕೆ ಹೆಂಗಸರು. ಮೊದಲ ಸಾಲಿನ ನಡುಮಧ್ಯೆ ಸೌದೆ ಡಿಪೋದ ಕೊಟ್ರಬಸಪ್ಪನವರು ಕುರ್ಚಿ ತುಂಬ ಕೂತಿದ್ದರು. ಮರದ ವಿಷಯದಲ್ಲಿ ತಮ್ಮನ್ನು ಮೀರಿಸುವ ಮನುಷ್ಯ ತುಂಗೆಗೂ ಭದ್ರೆಗೂ ನಡುವೆ ಹುಟ್ಟಿಲ್ಲವೆಂದು ನಂಬಿದ್ದ ಮಹಾನುಭಾವರು. ಮೇಷ್ಟ್ರು ಹೂಮಾಲೆ ಹಾಕಿದರು. ಷಡಕ್ಷರಪ್ಪ ಹುಚ್ಚಮ್ಮನ ಕಡೆ ಕೈ ತೋರಿಸಿ, "ಪ್ರಯೋಗಕ್ಕೆ ಸಹಾಯ ಮಾಡೋಕೆ ನಮ್ಮ ಅಂಗಳದ ಆಳು ಬಂದಿದಾಳೆ," ಎಂದ. ಓದಲು ಶುರುಮಾಡಿದ. ಇದ್ದಿಲಿನ ಚರಿತ್ರೆ ಮುಗಿಯಿತು, ಮೂವತ್ತೇಳು ರಾಶಿಯ ಲೆಕ್ಕವೂ ಮುಗಿಯಿತು.

"...ಗಟ್ಟಿಯಾಗಿರುತ್ತದೆಂದು ಕಂಡುಬಂದಿದೆ."

"ಯಾರಿಗೆ ಕಂಡುಬಂತು?" ಎಂದರು ಕೊಟ್ರಬಸಪ್ಪನವರು.

ಹೆಂಗಸರ ಸಾಲಿನಲ್ಲಿ ಉಮಾಮಹೇಶ್ವರಿ ಸೀರೆಯ ಅಂಚನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

"ಕಾರ್ಖಾನೆಯಲ್ಲಿ ಕಂಡುಬಂತು," ಎಂದ ಷಡಕ್ಷರಪ್ಪ. "ಈಗ ತೋರಿಸ್ತೀವಿ. ಹುಚ್ಚಮ್ಮ, ಮೊದಲು ಗಟ್ಟಿ ಇದ್ದಿಲು."

ಹುಚ್ಚಮ್ಮ ಚೀಲಕ್ಕೆ ಕೈ ಹಾಕಿದಳು. ಕೈ ಒಂದು ಕ್ಷಣ ಒಳಗೇ ನಿಂತಿತು. ಎರಡು ತುಂಡು ತೆಗೆದು ಬಡಿದಳು.

ಡೊಬ್.

ಬೇರೆ ಎರಡು ತೆಗೆದಳು. ಡೊಬ್. ಮತ್ತೆರಡು. ಹಳೆಯ ಚಪ್ಪಲಿ ಬಡಿದ ಹಾಗೆ, ಡೊಬ್.

"ಬೆಂಕೀಪುರದಲ್ಲಿ ಕಂಡಿದ್ದು ಶಿವಮೊಗ್ಗದಲ್ಲಿ ಕಾಣಲೊಲ್ಲದಲ್ಲಪ್ಪೋ!" ಎಂದು ಕೊಟ್ರಬಸಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. ಸಭೆ ಗೊಳ್ಳೆಂದಿತು. ಹಿಂದಿನಿಂದ ಯಾರೋ, "ಮುದುಕಿಗೆ ಕಿವಿ ಹೋಗಿದೆ ಕಣ್ರೋ," ಎಂದರು. ಮುಂದಿನ ಸಾಲಿನ ವಕೀಲರೊಬ್ಬರು ಪಾಪ, ಉಪಕಾರ ಮಾಡುವ ಮನಸ್ಸಿನಿಂದಲೇ ಅಂದರು: "ಆಕೆಗೆ ಬಾರಿಸೋಕೆ ಸರಿಯಾಗಿ ಬರ್ತಿಲ್ಲ ಅಂತ ಕಾಣುತ್ತೆ. ಅಲ್ಲವೇ ಷಡಕ್ಷರಪ್ಪನವರೇ?"

ದಾರಿ ಸಿಕ್ಕಿತು. 'ಹೌದು' ಎಂದು ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು. ಪ್ರಬಂಧ ಉಳಿಯುತ್ತಿತ್ತು, ನೌಕರಿ ಉಳಿಯುತ್ತಿತ್ತು, ಮಾನ ಉಳಿಯುತ್ತಿತ್ತು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸುವುದಕ್ಕೆ ಎಷ್ಟು ಹೊತ್ತು ಬೇಕು? ಷಡಕ್ಷರಪ್ಪ ಹುಚ್ಚಮ್ಮನ ಕಡೆ ನೋಡಿದ. ಆಕೆ ಒದ್ದೆ ಇದ್ದಿಲು ಹಿಡಿದು ಸುಮ್ಮನೆ ನಿಂತಿದ್ದಳು. ಯಾಕೆ ಹೀಗಾಯಿತೆಂದು ಆ ಹಾಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಆಕೆ. 'ಎತ್ತಬೇಡ' ಎಂದು ಈತ ಹೇಳಿದ್ದನಲ್ಲ, ಆ ಮಾತಿಗಾಗಿ, ಕಿವಿ ಹೋದ ಮುದುಕಿ ಎನ್ನಿಸಿಕೊಂಡರೂ ತುಟಿ ಎರಡು ಮಾಡಲಿಲ್ಲ. ಗಟ್ಟಿ ಇದ್ದೂ ಬಾಯಿ ಬಿಡುವುದಿಲ್ಲ ಎಂದು ಆಕೆ ಹೇಳಿದ್ದು ಷಡಕ್ಷರಪ್ಪನಿಗೆ ನೆನಪಾಯಿತು. ನಾಚಿಕೆಯಿಂದ ಆತನ ಕಿವಿ ಕೆಂಪಾದವು.

"ಅಲ್ಲ," ಎಂದ. ದನಿ ಸಣ್ಣಗೆ ಬಂತು. ಇನ್ನೊಂದು ಸಲ ದೊಡ್ಡದಾಗಿ ಹೇಳಿದ: "ಅಲ್ಲ ಸ್ವಾಮಿ! ಹುಚ್ಚಮ್ಮನವರ ಕಿವಿ ಸರಿಯಾಗಿದೆ. ಸರಿ ಇಲ್ಲದ್ದು ನನ್ನ ಪ್ರಬಂಧ."

ಅಂಗಳದ ಆಳು 'ಹುಚ್ಚಮ್ಮನವರು' ಆದದ್ದನ್ನು ಹೆಂಗಸರ ಸಾಲು ಮೊದಲು ಗಮನಿಸಿತು.

"ನಾವು ಪರೀಕ್ಷೆ ಮಾಡಿದ್ದು ನಲವತ್ತು ರಾಶಿ. ನಿಮಗೆ ಓದಿದ್ದು ಮೂವತ್ತೇಳು. ಮಳೆಗಾಲದ ಮೂರು ರಾಶಿ ನಮ್ಮ ಮಾತು ಕೇಳಲಿಲ್ಲ, ಅದಕ್ಕೆ ಮುಚ್ಚಿಟ್ಟೆ. ಒದ್ದೆ ಇದ್ದಿಲು ಗಟ್ಟಿ ಇದ್ರೂ ಸದ್ದು ಕೊಡಲ್ಲ ಅಂತ ಇವರು ಅವತ್ತೇ ಹೇಳಿದ್ರು. ಇವತ್ತು ಚೀಲ ನೆನೆಸಿದವನೂ ನಾನೇ." ಒಮ್ಮೆ ಕಟ್ಟೆ ಒಡೆದ ಮೇಲೆ ನೀರು ನಿಲ್ಲುತ್ತದೆಯೇ? "ಇನ್ನೂ ಇದೆ. ಮೊದಲನೇ ಪುಟದಲ್ಲಿ ಇದ್ದಿಲಿನ ಚರಿತ್ರೆ ಓದಿದೆನಲ್ಲ, ಅದು ನಂದಲ್ಲ. ಒಂದು ಇಂಗ್ಲಿಷ್ ಪುಸ್ತಕದಿಂದ ಎತ್ತಿದ್ದು, ಪುಸ್ತಕದ ಹೆಸರು ಹಾಕಲಿಲ್ಲ."

"ಅದು ನನಗೆ ಗೊತ್ತಾಯ್ತು ಕಣೋ," ಎಂದರು ಮೇಷ್ಟ್ರು ಕೂತಲ್ಲಿಂದಲೇ. "ಆ ಭಾಗದಲ್ಲಿ ಒಂದೂ ತಪ್ಪಿರಲಿಲ್ಲ."

"ಮತ್ತೆ," ಎಂದು ಷಡಕ್ಷರಪ್ಪ ಹೆಂಗಸರ ಸಾಲಿನ ಕಡೆ ತಿರುಗಿದ. ಈಗ ಆತನನ್ನು ಹಿಡಿಯುವವರೇ ಇರಲಿಲ್ಲ. "ಡಬ್ಬಿಯ ಬೆಲ್ಲ ತಿಂದವನೂ ನಾನೇ. ಇಲಿ ಅಲ್ಲ."

ಉಮಾಮಹೇಶ್ವರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹಾಲಿನಲ್ಲಿ ನಗು ಎದ್ದಿತು, ಆದರೆ ಈ ಸಲದ ನಗು ಬೇರೆ. ಮನೆಯವರ ನಗು ಅದು.

ಆಗ ಬಾಯಿಬಿಟ್ಟಳು ಹುಚ್ಚಮ್ಮ. "ಈಗೆಂಗೂ ಎತ್ತಿದಿರಲ್ಲ ಸಾಮಿ, ಇನ್ನು ನಾನು ಮಾತಾಡಬೌದಾ? ಇಲ್ಲಿ ಎಲ್ಲಾದ್ರೂ ಒಲೆ ಐತಾ? ಒಂದು ದೊಡ್ಡ ಹಂಚು ಕೊಡ್ಸಿ. ಅರ್ಧ ಗಂಟೇಲಿ ಇವುನ್ನ ಮಾತಾಡಿಸ್ತೀನಿ."

ಹಾಲಿನ ಹಿಂದೆಯೇ ವಿದ್ಯಾರ್ಥಿನಿಲಯದ ಅಡುಗೆಮನೆ. ಸಭೆಗೆ ಸಭೆಯೇ ಎದ್ದು ಅಲ್ಲಿಗೆ ನಡೆಯಿತು. ವಿಜ್ಞಾನ ಉಪನ್ಯಾಸ ಹೀಗೆ ಒಲೆಯ ಮುಂದೆ ಹೋದದ್ದು ಶಿವಮೊಗ್ಗದಲ್ಲಿ ಅದೇ ಮೊದಲು. ಹುಚ್ಚಮ್ಮ ಉರಿ ತೆಗೆಸಿ ಕೆಂಡ ಉಳಿಸಿದಳು, ದೋಸೆ ಹಂಚಿನ ಮೇಲೆ ಇದ್ದಿಲು ಹರಡಿ, ಕಡಲೆಕಾಯಿ ಹುರಿಯುವ ಹಾಗೆ ಕೈಯಾಡಿಸತೊಡಗಿದಳು. ಕೊಟ್ರಬಸಪ್ಪನವರು ಬಗ್ಗಿ ಬಗ್ಗಿ ನೋಡುತ್ತಿದ್ದರು. "ಸುಮ್ನೆ ಯಾಕೆ ನಿಂತಿದೀರ ಯಜಮಾನ್ರೇ, ಬೀಸಣಿಗೆ ಹಿಡೀರಿ," ಎಂದಳು. ಡಿಪೋದ ಧಣಿಗಳು ಬೀಸಣಿಗೆ ಹಿಡಿದರು. ಒಂದು ತುಂಡಿಗೆ ಕಿಡಿ ಹತ್ತಿತು, "ಜೋರು ಬೇಡ, ಮೆಲ್ಲಗೆ! ಸೌದೆ ಮಾರೋರಿಗೆ ಇದೂ ಗೊತ್ತಿಲ್ವಾ?" ಎಂದು ಗದರಿ ಉಫ್ ಎಂದು ಆರಿಸಿದಳು. ಅಡುಗೆಯವರು ಎಲ್ಲರಿಗೂ ಮಂಡಕ್ಕಿ ಹಂಚಿದರು. ಮಳೆ ಹೊರಗೆ ಸುರಿಯುತ್ತಲೇ ಇತ್ತು, ಯಾರಿಗೂ ಅದರ ಚಿಂತೆಯಿರಲಿಲ್ಲ.

ಕೊನೆಗೆ ಹುಚ್ಚಮ್ಮ ಎರಡು ತುಂಡು ಎತ್ತಿ, ಸೆರಗಿನಲ್ಲಿ ಹಿಡಿದು ತಣಿಸಿ, ಬಡಿದಳು.

ಟಣ್!

ಎಲ್ಲರೂ ಒಟ್ಟಿಗೆ "ಹೋ!" ಎಂದರಲ್ಲ, ಆ ಕೂಗಿಗೆ ಸೂರಿನ ಮೇಲಿದ್ದ ಬೆಕ್ಕು ಓಡಿಹೋಯಿತು. "ಇಲ್ಲಿ ಕೊಡವ್ವ, ನಾನು ಬಡೀತೀನಿ!" ಎಂದು ಕೊಟ್ರಬಸಪ್ಪನವರು ಕಿತ್ತುಕೊಂಡರು. ಟಣ್! ಸಾಲದೆಂದು ಬೆಂಚು ಹತ್ತಿ ನಿಂತು ತಲೆಯ ಮೇಲಿಂದ ಕಲ್ಲುನೆಲಕ್ಕೆ ಬೀಳಿಸಿದರು. ತುಂಡು ಪುಟಿದು ಮೂಲೆಗೆ ಹೋಯಿತು, ಚೂರೂ ಒಡೆಯಲಿಲ್ಲ. "ಮೂವತ್ತು ವರ್ಷ ಸೌದೆ ಮಾರಿದೀನಲ್ಲ ಮಾರಾಯ, ಒಂದು ದಿನ ಇದರ ಮಾತು ಕೇಳಲಿಲ್ಲ ನೋಡು," ಎಂದರು. ಅವರ ಬಿಳಿ ಅಂಗಿ ಕಪ್ಪಾಗಿತ್ತು, ಮುಖ ಮಾತ್ರ ಬೆಳಗುತ್ತಿತ್ತು.

ಎಲ್ಲರೂ ಹಾಲಿಗೆ ಮರಳಿದ ಮೇಲೆ ಮೇಷ್ಟ್ರು, "ಹೂಂ, ಈಗ ಓದೋ," ಎಂದರು. ಷಡಕ್ಷರಪ್ಪ ಕಾಗದ ಬಿಡಿಸಿದ.

"ಮಾತಾಡುವ ಇದ್ದಿಲು ಗಟ್ಟಿಯಾಗಿರುತ್ತದೆಂದು ಕಂಡುಬಂದಿದೆ."

"ಯಾರಿಗೆ?" ಎಂದು ನೂರೈವತ್ತು ಜನ ಒಟ್ಟಿಗೆ ಕೇಳಿದರು. ಉಮಾಮಹೇಶ್ವರಿಯ ದನಿಯೂ ಅದರಲ್ಲಿತ್ತು.

"ಭದ್ರಾವತಿಯ ಹುಚ್ಚಮ್ಮನವರಿಗೆ ಕಂಡುಬಂದಿದೆ."

"ಉಹೂಂ, ಅದೂ ತಪ್ಪು," ಎಂದಳು ಹುಚ್ಚಮ್ಮ. "ನನಗೆಲ್ಲಿ ಕಂಡುಬಂತು ಸಾಮಿ? ನನಗೆ ಕೇಳಿಬಂತು. ಬೀಳಿಸಿ, ಜರಡಿ ಹಿಡಿದು, ತೂಕ ಹಾಕಿ ಕಂಡೋರು ನೀವು. ನಿಮ್ಮ ಪಾಲು ನನಗ್ಯಾಕೆ? ನಂದು ನನಗೆ ಬರೀರಿ, ನಿಮ್ದು ನಿಮಗೆ ಬರ್ಕಳಿ."

ಶಂಕರನಾರಾಯಣ ಮೇಷ್ಟ್ರು ಎದ್ದು ನಿಂತರು. ನಲವತ್ತು ವರ್ಷ ಪಾಠ ಹೇಳಿದವರು, ಕಣ್ಣು ಒದ್ದೆಯಾಗಿದ್ದನ್ನು ಮರೆಸುವುದಕ್ಕೆ ಕನ್ನಡಕ ಒರೆಸಿಕೊಂಡರು. "ಕೇಳಿಬಂತು ಅಂದ್ರೆ ನಮ್ಮಲ್ಲಿ ಗಾಳಿಮಾತು ಅಂತ ಅರ್ಥ. ಕೇಳಿಬಂದದ್ದನ್ನ ತೂಗಿ ನೋಡಿ, ಯಾರು ಕೇಳಿದ್ರು, ಯಾರು ತೂಗಿದ್ರು, ಎಲ್ಲಿ ತಪ್ಪಿತು ಎಲ್ಲಾ ಬರೆದ್ರೆ ಅದಕ್ಕೇ ವಿಜ್ಞಾನ ಅನ್ನೋದು. ಮಂಡಕ್ಕಿ ಉಳಿದಿದ್ರೆ ತನ್ನಿ," ಎಂದು ಕೂತರು. ಸಭೆ ಮುಗಿಯಿತು.

ಷಡಕ್ಷರಪ್ಪ ಒಂದು ವಾರ ಕೂತು ಪ್ರಬಂಧವನ್ನು ಬುಡದಿಂದ ಬರೆದ. ಮೇಲೆ ಎರಡು ಹೆಸರು: ಹುಚ್ಚಮ್ಮ, ಷಡಕ್ಷರಪ್ಪ. ಚರಿತ್ರೆಯ ಭಾಗಕ್ಕೆ ಪುಸ್ತಕದ ಹೆಸರು ಹಾಕಿದ. ಮೂರು ಮಳೆ ರಾಶಿಗಳನ್ನು ಒಣಗಿಸಿ ಮತ್ತೆ ಪರೀಕ್ಷೆ ಮಾಡಿ, ಅವಕ್ಕೇ ಒಂದು ಪುಟ ಕೊಟ್ಟ. ಮೇಲಧಿಕಾರಿಗಳು ಓದಿ ಹುಬ್ಬು ಗಂಟಿಕ್ಕಿದರು. "ಕೂಲಿ ಹೆಂಗಸಿನ ಹೆಸರು, ಅದೂ ಮೊದಲನೇದಾಗಿ! ಜೊತೆಗೆ ನೀನು ಸೋತ ಲೆಕ್ಕ ಬೇರೆ. ಇದನ್ನ ಅವರು ಹಾಕದಿದ್ರೆ ನನ್ನನ್ನ ಕೇಳಬೇಡಪ್ಪ." ಷಡಕ್ಷರಪ್ಪ ಒಂದಕ್ಷರವನ್ನೂ ತೆಗೆಯಲಿಲ್ಲ. ಹಾಗೇ ಅಂಚೆಗೆ ಹಾಕಿ ಬಂದ. ಅಂದು ರಾತ್ರಿ ಊಟಕ್ಕೆ ಉಮಾಮಹೇಶ್ವರಿ ಹೋಳಿಗೆ ಮಾಡಿದ್ದಳು, ಬೆಲ್ಲದ ಡಬ್ಬಿಯನ್ನು ಆತನ ಎಲೆಯ ಪಕ್ಕದಲ್ಲೇ ಇಟ್ಟಿದ್ದಳು.

ತಿಂಗಳ ಮೇಲೆ ಮದರಾಸಿನಿಂದ ಕಾಗದ ಬಂತು. ಮೊದಲ ಲೇಖಕರ ಪದವಿ, ಹುದ್ದೆ, ಬಳಸಿದ ಉಪಕರಣಗಳ ವಿವರ ಬೇಕಂತೆ. ಷಡಕ್ಷರಪ್ಪ ಇದ್ದದ್ದನ್ನು ಇದ್ದ ಹಾಗೆ ಬರೆದ: ಪದವಿ, ಇಲ್ಲ. ಹುದ್ದೆ, ಇದ್ದಿಲು ಆರಿಸುವುದು. ಉಪಕರಣ, ಎರಡು ಕಿವಿ, ಬಾಲ್ಯದಿಂದ ಬಳಕೆಯಲ್ಲಿವೆ, ಮಳೆಗಾಲದಲ್ಲಿ ನಂಬತಕ್ಕದ್ದಲ್ಲ ಎಂದು ಲೇಖಕರೇ ಎಚ್ಚರಿಸಿದ್ದಾರೆ. ಮದರಾಸಿನವರೂ ಮನುಷ್ಯರೇ ಇರಬೇಕು. ಪ್ರಬಂಧ ಸ್ವೀಕರಿಸಿದ್ದೇವೆ, ಅದರಲ್ಲಿ ಮಳೆಯ ಮೂರು ರಾಶಿಗಳ ಪುಟವೇ ನಮಗೆ ಹೆಚ್ಚು ಉಪಯೋಗಕ್ಕೆ ಬಂತು ಎಂದು ಉತ್ತರ ಬರೆದರು. ಮೇಲಧಿಕಾರಿಗಳು ಮಾತಿಗೆ ತಪ್ಪಲಿಲ್ಲ. ಮಾಘ ಮಾಸದಲ್ಲಿ ಅಚ್ಚಾದ ಪ್ರತಿಗಳೂ ಖಾಯಂ ಆರ್ಡರೂ ಒಂದೇ ವಾರದಲ್ಲಿ ಬಂದವು.

ಷಡಕ್ಷರಪ್ಪ ಪ್ರತಿ ಹಿಡಿದು ಇದ್ದಿಲ ಅಂಗಳಕ್ಕೆ ಓಡಿದ. ಹದಿನೈದು ಹೆಂಗಸರೂ ಸುತ್ತ ನೆರೆದರು. ಹುಚ್ಚಮ್ಮನ ಹೆಸರು ಯಾವುದೆಂದು ಬೆರಳಿಟ್ಟು ತೋರಿಸಿದ. ಆಕೆ ಅದನ್ನು ಬಹಳ ಹೊತ್ತು ನೋಡಿದಳು.

"ಮಳೆ ಮೂರೂ ಅದಾವಾ?"

"ಅದಾವೆ. ಪೂರ್ತಿ ಒಂದು ಪುಟ."

"ಕೊಡಿ ಇಲ್ಲಿ." ಕೈಯನ್ನು ಸೀರೆಗೆ ಒರೆಸಿಕೊಂಡು ಪ್ರತಿಯನ್ನು ತೆಗೆದುಕೊಂಡಳು. ಗಟ್ಟಿಯಾಗಿ ಸುರುಳಿ ಸುತ್ತಿ, ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿದಳು. ಕಣ್ಣು ಮುಚ್ಚಿದಳು. ಮದರಾಸಿನ ಉತ್ತರಕ್ಕೂ ಅಷ್ಟು ಹೆದರದಿದ್ದ ಷಡಕ್ಷರಪ್ಪ ಈಗ ಉಸಿರು ಬಿಗಿಹಿಡಿದು ನಿಂತ.

"ಟಣ್ ಅಂತು ಸಾಮಿ," ಎಂದು, ಪ್ರಬಂಧವನ್ನು ಕುಲುಮೆಗೆ ಹೋಗುವ ಬುಟ್ಟಿಗೆ ಹಾಕಿದಳು.

ಷಡಕ್ಷರಪ್ಪ ಗಹಗಹಿಸಿ ನಗುತ್ತ ಎರಡೂ ಕೈ ಬುಟ್ಟಿಯೊಳಗೆ ತೂರಿಸಿ ಅದನ್ನು ಹೊರಗೆ ತೆಗೆದ. ಮೇಲಿನ ಹಾಳೆಯಲ್ಲಿ ಹುಚ್ಚಮ್ಮನ ಐದೂ ಬೆರಳಿನ ಮಸಿ ಮೂಡಿತ್ತು. ಅದನ್ನು ಆತ ಒರೆಸಲಿಲ್ಲ.